ಹಾಯಿದೋಣಿಯ ಪಂದ್ಯದಲ್ಲಿ ಕ್ಯಾಮೆರಾ ಹಿಡಿದವರು ಹಗ್ಗ ಮುಟ್ಟಬಾರದೇಕೆ?

ಪ್ರಶ್ನೆ – ಬಸವನಗುಡಿಯಿಂದ

ನಾನು ಬೆಂಗಳೂರಿನಲ್ಲಿ ಮದುವೆ, ಗೃಹಪ್ರವೇಶಗಳ ವಿಡಿಯೊ ತೆಗೆಯುವವನು. ಸಮುದ್ರವನ್ನು ಕಂಡದ್ದು ಗೋಕರ್ಣದ ದಡದಿಂದ ಮಾತ್ರ. ಭೂಮಿಯನ್ನೇ ಸುತ್ತಿಬರುವ ಓಷನ್ ರೇಸ್ ಪಂದ್ಯದ ದೃಶ್ಯಗಳನ್ನು ಈಚೆಗೆ ಬಿಡದೆ ನೋಡುತ್ತಿದ್ದೇನೆ. ಪ್ರತಿ ದೋಣಿಯಲ್ಲೂ ಚಿತ್ರೀಕರಣಕ್ಕೆಂದೇ ಒಬ್ಬರಿದ್ದು, ಅವರು ಚುಕ್ಕಾಣಿ ಹಿಡಿಯುವುದಕ್ಕಾಗಲಿ ಹಾಯಿಯ ಹಗ್ಗ ಎಳೆಯುವುದಕ್ಕಾಗಲಿ ನಿಯಮ ಬಿಡುವುದಿಲ್ಲವಂತೆ. ಉಳಿದವರು ನಿದ್ದೆಗೆಟ್ಟು ದುಡಿಯುತ್ತಿರುವಾಗ ಒಬ್ಬರು ಕ್ಯಾಮೆರಾ ಹಿಡಿದು ಸುಮ್ಮನೆ ನಿಂತರೆ ಅವರೆದುರು ಯಾರಾದರೂ ಸಹಜವಾಗಿ ಇರುತ್ತಾರೆಯೆ? ನಮ್ಮ ಮದುವೆ ಮನೆಗಳಲ್ಲಿ ಕ್ಯಾಮೆರಾ ತಿರುಗಿದೊಡನೆ ಚಿಕ್ಕಮ್ಮಂದಿರು ಸೆರಗು ಸರಿಮಾಡಿಕೊಳ್ಳುತ್ತಾರೆ.

ಉತ್ತರ – ಸಾಕ್ಷ್ಯಚಿತ್ರ ತೆಗೆಯುವವರೊಬ್ಬರಿಂದ

ನಿಯಮದ ಕಾರಣ ಸರಳವಾದದ್ದು. ಚಿತ್ರ ತೆಗೆಯುವವರಿಗೂ ಹಗ್ಗ ಎಳೆಯಲು ಬಿಟ್ಟರೆ ಪ್ರತಿ ತಂಡವೂ ಒಬ್ಬ ಗಟ್ಟಿಗ ನಾವಿಕನ ಕೈಗೆ ನೆಪಕ್ಕೊಂದು ಕ್ಯಾಮೆರಾ ಕೊಟ್ಟು ಹತ್ತಿಸಿಕೊಳ್ಳುತ್ತದೆ. 2008–09ರ ಪಂದ್ಯದಿಂದ, ಎಂದರೆ ದೋಣಿಗಳು ನಮ್ಮ ಪಕ್ಕದ ಕೊಚ್ಚಿಗೂ ಬಂದುಹೋದ ಆ ಸಲದಿಂದ, ಚಿತ್ರೀಕರಣಕ್ಕೆ ಪ್ರತ್ಯೇಕ ವ್ಯಕ್ತಿಯನ್ನು ಒಯ್ಯುವ ಪದ್ಧತಿ ನಡೆದುಬಂದಿದೆ. ಆದರೆ ಅವರು ಸುಮ್ಮನೆ ನಿಲ್ಲುತ್ತಾರೆ ಎಂಬ ನಿಮ್ಮ ಮಾತು ಸರಿಯಲ್ಲ. ಅಡುಗೆ ಮಾಡಬಹುದು, ಒಳಗೆ ನುಗ್ಗಿದ ನೀರನ್ನು ಬಳಿದು ಹೊರಗೆ ಚೆಲ್ಲಬಹುದು, ಗುಡಿಸಿ ಒರೆಸಬಹುದು. ಅಡುಗೆ ಎಂದರೆ ಬಹುಮಟ್ಟಿಗೆ ನೀರಿನ ಅಂಶ ತೆಗೆದು ಒಣಗಿಸಿದ ಊಟದ ಪೊಟ್ಟಣಕ್ಕೆ ಬಿಸಿನೀರು ಹಾಕುವುದಷ್ಟೆ. ಆದರೂ ಅದನ್ನು ಓಲಾಡುವ ದೋಣಿಯಲ್ಲಿ ಚೆಲ್ಲದಂತೆ ಮಾಡಬೇಕು.

ನನ್ನ ಅನುಭವದಲ್ಲಿ ಜನರ ಸಹಜತೆ ಬರುವುದು ಈ ಚಿಕ್ಕ ಚಾಕರಿಯಿಂದಲೇ. ಹಿಂದೊಮ್ಮೆ ಮಲ್ಪೆಯಿಂದ ಹೊರಟ ಮೀನುಗಾರಿಕೆ ದೋಣಿಯಲ್ಲಿ ಎರಡು ದಿನ ಚಿತ್ರೀಕರಣಕ್ಕೆ ಹೋಗಿದ್ದೆ. ಮೊದಲ ದಿನ ನಾನು ಕ್ಯಾಮೆರಾ ಎತ್ತಿದರೆ ಸಾಕು, ಎಲ್ಲರೂ ಬಲೆ ಬಿಟ್ಟು ನನ್ನತ್ತ ನಗುತ್ತಿದ್ದರು. ವಾಂತಿ ಮಾಡಿ ಸುಸ್ತಾದ ಮೇಲೆ ಮರುದಿನ ಮೂಲೆಯಲ್ಲಿ ಕೂತು ಈರುಳ್ಳಿ ಸುಲಿಯುತ್ತಿದ್ದೆ, ದೋಣಿ ನಡೆಸುವ ತಾಂಡೇಲರು ಮಾತಾಡದೆ ಇನ್ನೊಂದು ಬುಟ್ಟಿಯನ್ನು ನನ್ನತ್ತ ತಳ್ಳಿದರು. ಆಮೇಲೆ ತೆಗೆದ ದೃಶ್ಯಗಳಲ್ಲಿ ಒಬ್ಬರೂ ಕ್ಯಾಮೆರಾ ನೋಡಿಲ್ಲ. ಎರಡೇ ದಿನಕ್ಕೆ ಹೀಗಾದರೆ, 2023ರಲ್ಲಿ ಕೇಪ್ ಟೌನ್‌ನಿಂದ ಬ್ರೆಜಿಲಿನ ಇಟಜಾಯಿಗೆ ನಡೆದ 12,750 ನಾಟಿಕಲ್ ಮೈಲಿಗಳ ಹಂತದಲ್ಲಿ, ನಾಲ್ವರು ನಾವಿಕರೊಡನೆ ಸುಮಾರು ಐದು ವಾರ ಒಂದೇ ಗೂಡಿನಲ್ಲಿ ಕಳೆದವರ ಸ್ಥಿತಿಯನ್ನು ಯೋಚಿಸಿ. ಅಷ್ಟು ದಿನ ಯಾರೂ ನಟಿಸಲಾರರು.

ಉತ್ತರ – ಧ್ವನಿಗ್ರಹಣದ ಕೆಲಸದವರಿಂದ

ಚಿತ್ರಕ್ಕಿಂತ ಧ್ವನಿಯೇ ಅಲ್ಲಿ ಕಷ್ಟ. ದೋಣಿಯ ಮೈಯೆಲ್ಲ ಕಾರ್ಬನ್ ನಾರಿನದು. ಪ್ರತಿ ಅಲೆಯ ಹೊಡೆತಕ್ಕೂ ಒಳಗೆ ಡೊಳ್ಳಿನೊಳಗೆ ಕೂತಂತಾಗುವುದರಿಂದ ಮಾತನ್ನು ಬಾಯಿಯ ಹತ್ತಿರವೇ ಹಿಡಿಯಬೇಕು. ಇನ್ನೊಂದು ವಿಷಯ: ಲೆನ್ಸಿನ ಮೇಲೆ ಒಣಗಿದ ಉಪ್ಪನ್ನು ಹಾಗೆಯೇ ಒರೆಸಿದರೆ ಗಾಜಿನ ಲೇಪಕ್ಕೆ ಗೀರು ಬೀಳುತ್ತದೆ, ಮೊದಲು ಸಿಹಿನೀರಿನಿಂದ ಕರಗಿಸಬೇಕು. ಆ ನೀರೋ, ಸಮುದ್ರದಿಂದಲೇ ಯಂತ್ರದಲ್ಲಿ ಸೋಸಿ ಎಲ್ಲರೂ ಕುಡಿಯುವ ನೀರು.

ಪ್ರಶ್ನೆ ಕೇಳಿದವರು

ಧನ್ಯವಾದ ಸರ್. ಈರುಳ್ಳಿಯ ಮಾತು ಮನಸ್ಸಿಗೆ ಹತ್ತಿತು. ಆದರೆ ದೋಣಿಗೇ ಅಪಾಯ ಬಂದಾಗ ಕ್ಯಾಮೆರಾ ಕೆಳಗಿಡಬೇಕಲ್ಲವೆ?

ಉತ್ತರ – ಹಲಸೂರಿನಿಂದ

2014ರ ನವೆಂಬರ್ 29ರ ರಾತ್ರಿ, ಇದೇ ಪಂದ್ಯದಲ್ಲಿ ಕೇಪ್ ಟೌನ್‌ನಿಂದ ಅಬುಧಾಬಿಗೆ ಹೊರಟಿದ್ದ ವೆಸ್ಟಾಸ್ ತಂಡದ ದೋಣಿ ಮಾರಿಷಸ್ ದ್ವೀಪದ ಈಶಾನ್ಯಕ್ಕಿರುವ ಹವಳದ ದಿಬ್ಬಕ್ಕೆ ವೇಗದಲ್ಲೇ ನುಗ್ಗಿತು. ಎಲೆಕ್ಟ್ರಾನಿಕ್ ನಕ್ಷೆಯನ್ನು ಸಾಕಷ್ಟು ಹಿಗ್ಗಿಸಿ ನೋಡದಿದ್ದುದರಿಂದ ದಿಬ್ಬ ಅವರ ಪರದೆಯ ಮೇಲೆ ಕಂಡಿರಲಿಲ್ಲ. ಕತ್ತಲಲ್ಲಿ ಅಲೆಗಳು ದೋಣಿಯನ್ನು ಬಂಡೆಗೆ ಅಪ್ಪಳಿಸುತ್ತಿರುವಾಗಲೂ ಅದರಲ್ಲಿ ಕ್ಯಾಮೆರಾ ಹಿಡಿದಿದ್ದ ವರದಿಗಾರರು ಚಿತ್ರೀಕರಿಸಿದರು. ಒಂಬತ್ತೂ ಜನ ಬದುಕಿ ಉಳಿದರು. ಕೆಳಗಿಡಬೇಕಾದ ಕ್ಷಣ ಯಾವುದೆಂದು ಆ ಜಾಗದಲ್ಲಿ ಇದ್ದವರೇ ಬಲ್ಲರು, ದೋಣಿಯ ನಾಯಕರಾದ ಸ್ಕಿಪ್ಪರ್ ಕರೆದರೆ ಮಾತ್ರ ಚರ್ಚೆಯಿಲ್ಲ. ಇನ್ನು ಹಾಯಿ ಕಟ್ಟುವುದನ್ನು ಹತ್ತಿರದಿಂದ ನೋಡುವ ಆಸೆಯಿದ್ದರೆ ಗೋಕರ್ಣದವರೆಗೂ ಹೋಗಬೇಕಾಗಿಲ್ಲ. ನಮ್ಮ ಹಲಸೂರು ಕೆರೆಯಲ್ಲಿ ಸೈನಿಕರು ಚಿಕ್ಕ ಹಾಯಿದೋಣಿಗಳಲ್ಲಿ ಅಭ್ಯಾಸ ಮಾಡುತ್ತಾರೆ. ದಡದಿಂದಲೇ ನೋಡಿ, ಕ್ಯಾಮೆರಾ ತೆಗೆಯುವ ಮೊದಲು ಕಾವಲಿನವರ ಅನುಮತಿ ಕೇಳಿ.