ಸಹಾಯ ಬೇಕು: ನೌಕೆಯಲ್ಲಿದ್ದವನಿಗೆ ಏಕೆ ವಯಸ್ಸಾಯಿತು?

ಭಾನುವಾರ ಮಗಳ ಜೊತೆ 2014ರ ‘ಇಂಟರ್‌ಸ್ಟೆಲ್ಲರ್’ ಸಿನಿಮಾ ನೋಡಿದೆ. ನೀರಿನ ಗ್ರಹದಿಂದ ನೌಕೆಗೆ ಮರಳಿದ ಗಗನಯಾತ್ರಿ ಕೂಪರ್, 23 ವರ್ಷಗಳಲ್ಲಿ ಮನೆಯಿಂದ ಬಂದಿದ್ದ ವಿಡಿಯೊಗಳನ್ನು ನೋಡುತ್ತಾ ಬಿಕ್ಕುವಾಗ ನನಗೂ ಗಂಟಲು ಕಟ್ಟಿತು. ಅಪ್ಪನಾದವನಿಗೆ ಅದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ.

ಆ ಗ್ರಹದ ಒಂದು ಗಂಟೆ ಭೂಮಿಯ ಏಳು ವರ್ಷಕ್ಕೆ ಸಮ. ಗ್ರಹದ ಹತ್ತಿರವಿರುವ ಕಪ್ಪುಕುಳಿಯ (ಬ್ಲ್ಯಾಕ್ ಹೋಲ್) ಗುರುತ್ವ ಕಾಲವನ್ನು ನಿಧಾನಗೊಳಿಸುತ್ತದೆ ಎಂಬುದು ತಿಳಿಯಿತು. ಆದರೆ ಗ್ರಹಕ್ಕಿಳಿಯದೆ ನೌಕೆಯಲ್ಲೇ ಉಳಿದ ಜೊತೆಗಾರ ರೊಮಿಲಿಯ ಗಡ್ಡ ನರೆತಿತ್ತು. “ಅವನೂ ಕಪ್ಪುಕುಳಿಯ ಹತ್ತಿರವೇ ಇದ್ದನಲ್ಲ ಅಪ್ಪಾ?” ಎಂದಳು ಮಗಳು. ದೃಶ್ಯವನ್ನು ಮೂರು ಸಲ ಹಿಂದಕ್ಕೆ ಓಡಿಸಿದೆ, ತಟ್ಟೆಯ ಸುತ್ತ ಗೋಲಿ ಇಟ್ಟು ದೂರ ತೋರಿಸಿದೆ. ಅವಳಿಗೆ ಸಮಾಧಾನವಾಗಲಿಲ್ಲ, ನನಗೂ ಇಲ್ಲ.

ನೌಕೆ ಸ್ವಲ್ಪ ದೂರ ನಿಂತ ಮಾತ್ರಕ್ಕೆ ಕಾಲದಲ್ಲಿ ಅಷ್ಟು ವ್ಯತ್ಯಾಸವಾಗುತ್ತದೆಯೇ? ಹತ್ತು ವರ್ಷದ ಮಗುವಿಗೆ ಅರ್ಥವಾಗುವ ಉದಾಹರಣೆಯೊಂದನ್ನು ಯಾರಾದರೂ ಹೇಳುತ್ತೀರಾ?