ಬ್ಲ್ಯಾಕ್ ಸಬಾತ್ ಟ್ರಿಬ್ಯೂಟ್ ಆಲ್ಬಂ ಯಾವುದು ತಗೊಳ್ಳೋದು? ಅನುಭವ ಇದ್ದವರು ಹೇಳಿ

ವಿಜಯನಗರ_ಕೇಳುಗ
ಅಣ್ಣನಿಗೆ ಉಡುಗೊರೆ ಕೊಡೋಕೆ ಒಂದು ಸಬಾತ್ ಟ್ರಿಬ್ಯೂಟ್ ಆಲ್ಬಂ ಹುಡುಕ್ತಾ ಇದೀನಿ, ಅಂದ್ರೆ ಬ್ಲ್ಯಾಕ್ ಸಬಾತ್ ಅನ್ನೋ ಬ್ರಿಟಿಷ್ ಹೆವಿ ಮೆಟಲ್ ತಂಡದ ಹಾಡುಗಳನ್ನ ಬೇರೆಯವರು ಗೌರವಕ್ಕೆ ಅಂತ ನುಡಿಸಿದ್ದು. ಸಬಾತ್ ತಂಡದ್ದೇ ಆಲ್ಬಂಗಳೆಲ್ಲ ಅವನ ಹತ್ರ ಇವೆ. 1994ರ ‘ನೇಟಿವಿಟಿ ಇನ್ ಬ್ಲ್ಯಾಕ್’ ತಗೊಳ್ಳಲಾ, 2000ದಲ್ಲಿ ಬಂದ ಎರಡನೇ ಭಾಗನಾ, ಇಲ್ಲ ಬೇರೆ ಏನಾದ್ರೂ ಇದೆಯಾ? ಬಜೆಟ್ 4,000. ಹೊರದೇಶದಿಂದ ತರಿಸಿದವರಿದ್ರೆ ಕೊನೆಗೆ ಎಷ್ಟು ಬಿತ್ತು ಅಂತ ಹೇಳಿ.

ಬಸವನಗುಡಿ_ಎಲ್‌ಪಿ
ಖರ್ಚಿನ ಮಾತು ಬಂತಲ್ಲ, ನನ್ನ ಲೆಕ್ಕ ಪೂರ್ತಿ ಕೇಳಿ. ನಾನು ತರಿಸಿದ್ದು ‘ಬ್ರೌನ್ ಸಬಾತ್’. ಟೆಕ್ಸಸ್‌ನ ಆಸ್ಟಿನ್‌ನಲ್ಲಿರೋ ಬ್ರೌನ್‌ಔಟ್ ಅನ್ನೋ ಲ್ಯಾಟಿನ್ ಫಂಕ್ ತಂಡ 2014ರಲ್ಲಿ ಮಾಡಿದ್ದು. ಎಲ್‌ಪಿ 22 ಡಾಲರ್, ಸಾಗಣೆ 31 ಡಾಲರ್! ಕಾರ್ಡ್‌ನವರು ತಮ್ಮ ಕಮಿಷನ್ನೂ ಸೇರಿಸಿ 4,640 ಎಳ್ಕೊಂಡ್ರು. ಕಸ್ಟಮ್ಸ್‌ನಲ್ಲಿ ಸಾಗಣೆ ಖರ್ಚನ್ನೂ ಮಾಲಿನ ಬೆಲೆಗೇ ಸೇರಿಸಿ ಅದರ ಮೇಲೆ ಸುಂಕ, ಸುಂಕದ ಮೇಲೆ ಸರ್ಚಾರ್ಜ್, ಇದೆಲ್ಲ ಕೂಡಿದ ಮೊತ್ತದ ಮೇಲೆ ಐಜಿಎಸ್‌ಟಿ. ಅದು 1,930. ಮೇಲೆ ಕೊರಿಯರ್‌ನವರ ‘ಹ್ಯಾಂಡ್ಲಿಂಗ್’ 590. ಒಟ್ಟು 7,160. ಇಷ್ಟೆಲ್ಲ ಕಕ್ಕಿದ ಮೇಲೆ ಎಲ್‌ಪಿಯ ರಟ್ಟಿನ ಹೊದಿಕೆ, ಅಂದ್ರೆ ಜಾಕೆಟ್ಟಿನ ಮೂಲೆ ಮಡಚಿ, ಕೆಳಗಿನ ಅಂಟು ಅಂಗೈಯಗಲ ಬಿಟ್ಟಿತ್ತು. ದೂರು ಕೊಟ್ರೆ ‘ಹೊರಗಿನ ಡಬ್ಬ ಸರಿಯಾಗೇ ಇದೆಯಲ್ಲ’ ಅಂತ ಫೈಲ್ ಮುಚ್ಚಿಬಿಟ್ರು. ಹೊಟ್ಟೆ ಇನ್ನೂ ಉರೀತಾ ಇದೆ.

ಆದ್ರೆ ಸೂಜಿ ಇಟ್ಟ ಕ್ಷಣ ಮಾತ್ರ ನನ್ನದು ಅನ್ನಿಸಿತು. ಸಬಾತ್‌ನ ಗಿಟಾರಿಸ್ಟ್ ಟೋನಿ ಐಯೋಮಿ ಬಾರಿಸಿದ್ದನ್ನ ಹಿತ್ತಾಳೆ ವಾದ್ಯಗಳು ಎತ್ತಿಕೊಂಡಾಗ, ಆ ರಿಫ್ (ಮತ್ತೆ ಮತ್ತೆ ಬರೋ ಗಿಟಾರ್ ತುಣುಕು) ಒಳಗೆ ಕುಣಿತ ಮೊದಲಿಂದ್ಲೂ ಇತ್ತು ಅಂತ ಗೊತ್ತಾಗುತ್ತೆ. ಮೂಲದ ಹಾಗೇ ನುಡಿಸೋ ಟ್ರಿಬ್ಯೂಟ್‌ಗೆ ನಾನು ಒಂದು ರೂಪಾಯಿನೂ ಕೊಡಲ್ಲ.

ಅರಮನೆ_ಮೈದಾನ_2007
ಫಂಕ್ ಬೇಕಿದ್ರೆ ಫಂಕ್ ಕೇಳಿ ಸಾರ್, ಸಬಾತ್ ಹೆಸರು ಯಾಕೆ ಬೇಕು? ಸಬಾತ್‌ನ ತಿಂದು ಬೆಳೆದವರು ತೀರಿಸಿದ ಋಣ ಅಂದ್ರೆ 1994ರದ್ದು. ಸೆಪಲ್ಚುರಾ ತಂಡ ‘ಸಿಂಪ್ಟಮ್ ಆಫ್ ದಿ ಯೂನಿವರ್ಸ್’ ಹೊಡೆದಿರೋದು ಕೇಳಿ. ಟೈಪ್ ಓ ನೆಗೆಟಿವ್ ‘ಬ್ಲ್ಯಾಕ್ ಸಬಾತ್’ ಹಾಡನ್ನ ಇನ್ನೂ ಎಳೆದು ಎಳೆದು ಪೂರ್ತಿ ತಮ್ಮದೇ ಮಾಡ್ಕೊಂಡಿದ್ದಾರೆ. ಮೇಗಡೆತ್‌ನವರ ‘ಪ್ಯಾರನಾಯ್ಡ್’ ಕೊನೆಗೆ ಎಲ್ಲರೂ ನಿಲ್ಲಿಸಿದ್ರೂ ಡ್ರಮ್ಮರ್ ನಿಕ್ ಮೆಂಝಾ ಬಾರಿಸ್ತಾನೇ ಇರ್ತಾನೆ, ಗಾಯಕ ಮಸ್ಟೇನ್ ‘ನಿಕ್... ನಿಕ್... ನಿಕ್!’ ಅಂತ ಕೂಗೋದು ಹಾಗೇ ಉಳಿಸಿದ್ದಾರೆ. ಪ್ರೀತಿಯಿಂದ ನುಡಿಸಿದವರು ಮಾತ್ರ ಅದನ್ನ ಕತ್ತರಿಸದೆ ಬಿಡ್ತಾರೆ.

ಗಾಯಕ ಬ್ರೂಸ್ ಡಿಕಿನ್ಸನ್ ಐರನ್ ಮೇಡನ್ ತಂಡ ಬಿಟ್ಟಿದ್ದ ಕಾಲದಲ್ಲಿ, ಗಾಡ್‌ಸ್ಪೀಡ್ ತಂಡದ ಜತೆ ಹಾಡಿದ ‘ಸಬಾತ್ ಬ್ಲಡಿ ಸಬಾತ್’ ಇರೋದೂ ಇದರಲ್ಲೇ. ಅದೇ ಗಂಟಲನ್ನ 2007ರ ಮಾರ್ಚ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಎದುರು ನಿಂತು ಕೇಳಿದವನು ನಾನು. ಈ ಸಿಡಿಯ ಬಗ್ಗೆ ಹಗುರವಾಗಿ ಮಾತಾಡಿದ್ರೆ ಸಹಿಸಲ್ಲ. ಇನ್ನೊಂದು ವಿಷಯ, ಯುರೋಪ್ ಪ್ರತಿಯಲ್ಲಿ ಕ್ಯಾಥೀಡ್ರಲ್ ತಂಡದ ‘ಸಾಲಿಟ್ಯೂಡ್’ ಇದೆ, ಅಮೆರಿಕದ್ದರಲ್ಲಿ ಇಲ್ಲ. ನನಗೆ ಮಾರಿದ ಅಂಗಡಿಯವನು ಯುರೋಪ್ ಪ್ರತಿ ಅಂತ ಹೇಳಿ 1,800 ತಗೊಂಡು ಅಮೆರಿಕದ್ದು ಕೊಟ್ಟ. ವಾಪಸ್ ಒಯ್ದರೆ ಸೀಲ್ ಒಡೆದಿದೆ ಅಂದ. ಸೀಲ್ ಒಡೆಯದೆ ಒಳಗಿನ ಹಾಡು ಹೇಗ್ರೀ ನೋಡೋದು?

ಹುಬ್ಬಳ್ಳಿ_ಸಿ_ಶಾರ್ಪ್
ಬೆಂಗಳೂರು ಮಂದಿಗೆ ಕೊಳ್ಳೂದೊಂದು ಗೊತ್ತೈತ್ರಿ. ನಾವು ಸ್ವಂತ ಟ್ರಿಬ್ಯೂಟ್ ರೆಕಾರ್ಡ್ ಮಾಡೀವಿ. ಅದರ ತ್ರಾಸು ಕೇಳ್ರಿ. ‘ಚಿಲ್ಡ್ರನ್ ಆಫ್ ದಿ ಗ್ರೇವ್’, ‘ಇನ್‌ಟು ದಿ ವಾಯ್ಡ್’, ‘ಲಾರ್ಡ್ ಆಫ್ ದಿಸ್ ವರ್ಲ್ಡ್’ ಎಲ್ಲಾ 1971ರ ‘ಮಾಸ್ಟರ್ ಆಫ್ ರಿಯಾಲಿಟಿ’ದಾಗಿನವು, ತಂತಿ ಮೂರು ಸೆಮಿಟೋನ್ (ಅರ್ಧ ಸ್ವರ) ಕೆಳಗ ಇಳಿಸಿ ನುಡಿಸಿದವು. ಐಯೋಮಿ 17ನೇ ವಯಸ್ಸಿನಾಗ ತಗಡಿನ ಕಾರ್ಖಾನ್ಯಾಗ ಬಲಗೈಯ ಎರಡು ಬೆರಳಿನ ತುದಿ ಕಳಕೊಂಡಾವ. ಎಡಗೈ ಗಿಟಾರಿಸ್ಟ್ ಅವ, ಅಂದ್ರ ತಂತಿ ಒತ್ತೋ ಕೈನs ಅದು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪಗಿ ಮಾಡ್ಕೊಂಡ. ಸಡಿಲ ತಂತಿ ಅವಂಗ ಬೇಕಾಗಿತ್ತು.

ನಮ್ಮ 9-46 ಅನ್ನೋ ತೆಳು ತಂತಿ ಅಷ್ಟು ಇಳಿಸಿದ್ರ ಜೋರು ಹೊಡೆದಾಗೊಮ್ಮೆ ಶ್ರುತಿ ಮೇಲೇರ್ತಿತ್ತು. 11-54 ಹಾಕಿದ್ವಿ, ಸೆಟ್ಟಿಗೆ 1,150. ದಪ್ಪ ತಂತಿ ನಟ್ಟಿನ (ಗಿಟಾರ್ ಕುತ್ತಿಗಿ ತುದಿಗೆ ತಂತಿ ಕೂಡೋ ಪಟ್ಟಿ) ಗೀರಿನ್ಯಾಗ ಕೂಡವಲ್ದು. ಹೊಸಾ ನಟ್ಟು, ನೆಕ್ ಸರಿ ಮಾಡಿಸಿದ್ದು, ಎರಡೂ ಕೂಡಿ 2,400. ಸ್ಟುಡಿಯೊ ತಾಸಿಗೆ 800, ಮಿಕ್ಸಿಂಗ್ ಹಾಡಿಗೆ 6,000. ಅರ್ಧ ದಾರ್ಯಾಗ ಡ್ರಮ್ಮರ್ ಕೈ ಕೊಟ್ಟು ಮದುವಿ ಆರ್ಕೆಸ್ಟ್ರಾಕ್ಕ ಹೋದ. ‘ಚೇಂಜಸ್’ ಹಾಡು ಕನ್ನಡದಾಗ ಬರದು ಹಾಡಿದ್ವಿ, ಊರಾಗ ಕೇಳಿದವ್ರೆಲ್ಲ ಕಣ್ಣೊರಸ್ಕೊಂಡ್ರು. ನೆಟ್ಟಿಗೆ ಏರಿಸಿದ್ರ ಮರುದಿನ ತಗದು ಒಗದ್ರು. ಅನುಮತಿ ಕೇಳಿ ಬರದ ಪತ್ರಕ್ಕ ಇವತ್ತಿಗೂ ಉತ್ತರ ಇಲ್ಲ.

ಕಲಂ_31ಸಿ
ಅನುಮತಿ ಇಲ್ಲದೆ ಏರಿಸಿದ್ರೆ ತೆಗೀದೆ ಇರ್ತಾರಾ? 2012ರ ತಿದ್ದುಪಡಿ ಆದ ಮೇಲೆ ಬೇರೆಯವರ ಹಾಡನ್ನ ಮತ್ತೆ ಹಾಡಿ ರೆಕಾರ್ಡ್ ಮಾಡೋ ‘ಕವರ್ ವರ್ಷನ್’ ಬಗ್ಗೆ ಕೃತಿಸ್ವಾಮ್ಯ ಕಾಯಿದೆಯ ಕಲಂ 31ಸಿ ಸ್ಪಷ್ಟವಾಗಿದೆ. ಮೊದಲ ಧ್ವನಿಮುದ್ರಣ ಆದ ವರ್ಷ ಮುಗಿದು 5 ವರ್ಷ ಕಳೀಬೇಕು, ಮೊದಲೇ ನೋಟಿಸ್ ಕೊಡಬೇಕು, ರಾಯಲ್ಟಿ ಮುಂಗಡ ಕಟ್ಟಬೇಕು. ಕವರ್ ವರ್ಷನ್ ಅಂತ ಹೊದಿಕೆ ಮೇಲೆ ನಮೂದಿಸಬೇಕು, ಮೂಲ ಕಲಾವಿದರ ಚಿತ್ರ ಹಾಕೋ ಹಾಗಿಲ್ಲ. ತಾಂತ್ರಿಕವಾಗಿ ಅನಿವಾರ್ಯ ಅಲ್ಲದ ಬದಲಾವಣೆಗೂ ಒಪ್ಪಿಗೆ ಬೇಕು. ಒಂದು ಕೃತಿಗೆ ವರ್ಷಕ್ಕೆ ಕನಿಷ್ಠ 50,000 ಪ್ರತಿಯ ರಾಯಲ್ಟಿ.

ಹುಬ್ಬಳ್ಳಿ_ಸಿ_ಶಾರ್ಪ್
50,000 ಪ್ರತಿ? ನಾವು ನೂರು ಸಿಡಿ ಸುಟ್ಟು ಗೆಳೆಯರಿಗೆ ಹಂಚಾವ್ರು. ಇದು ದೊಡ್ಡ ಕಂಪನಿ ಸಲುವಾಗಿ ಮಾಡಿದ ಕಾನೂನು, ನಮ್ಮಂಥವ್ರ ಕುತ್ತಿಗಿಗೆ ಉರುಲು.

ಕಲಂ_31ಸಿ
ಪೂರ್ತಿ ಓದಿ ಮಾತಾಡಿ. ಪ್ರಸಾರ ಕಡಿಮೆ ಇರೋ ಭಾಷೆಯ ಕೃತಿಗಳಿಗೆ ಈ ಕನಿಷ್ಠ ಮಿತಿ ಇಳಿಸೋ ಅವಕಾಶ ಅದೇ ಕಲಂನಲ್ಲಿದೆ. ಸಬಾತ್ ಇಂಗ್ಲಿಷ್, ಅದಕ್ಕೆ ಅನ್ವಯಿಸಲ್ಲ. ‘ನಾವು ಕನ್ನಡದಲ್ಲಿ ಹಾಡಿದ್ವಿ’ ಅನ್ನಬೇಡಿ, ಕನ್ನಡಕ್ಕೆ ತಂದ್ರೆ ಅದು ಭಾಷಾಂತರ, ಅದಕ್ಕೆ ಬೇರೆಯೇ ಹಕ್ಕು ಬೇಕು. ನಮ್ಮ ತಂಡ ಒಂದು ಹಾಡಿಗೆ ಕಾಗದಪತ್ರ ಎಲ್ಲ ಸರಿಯಾಗಿ ಮಾಡಿಸಿ, ಬಂದ ಬಿಲ್ ನೋಡಿ ಆ ಹಾಡನ್ನೇ ಕೈಬಿಟ್ಟಿತು. ನ್ಯಾಯವಾಗಿ ನಡೆದವರಿಗೆ ಆಲ್ಬಂ ಇಲ್ಲ, ನಿಮಗೆ ಚಪ್ಪಾಳೆ. ಇದು ಯಾವ ಸೀಮೆ ನ್ಯಾಯ?

ಮೈಸೂರು_ಪ್ರತಿಮಧ್ಯಮ
ಎಲ್ಲರೂ ಗಿಟಾರನ್ನೇ ಹಿಡ್ಕೊಂಡು ಕೂತಿದ್ದೀರಿ. ‘ಬ್ಲ್ಯಾಕ್ ಸಬಾತ್’ ಹಾಡಿನ ರಿಫ್ ಇರೋದೇ ಮೂರು ಸ್ವರ: ಸ, ಮೇಲಿನ ಸ, ಆಮೇಲೆ ಪ್ರತಿಮಧ್ಯಮ. ಪಂಚಮ ಬರುತ್ತೆ ಅಂತ ಕಿವಿ ಕಾಯ್ತಿರುತ್ತೆ, ಅವನು ಅದರ ಕೆಳಗೇ ನಿಂತುಬಿಡ್ತಾನೆ. ಆ ಭಯ ಹುಟ್ಟೋದು ಅಲ್ಲೇ. ವೀಣೆಯಲ್ಲಿ ಆ ಪ್ರತಿಮಧ್ಯಮನ ಸ್ವಲ್ಪ ಅಲುಗಿಸಿ, ಐಯೋಮಿ ಅಲುಗಿಸೋ ಹಾಗೇ, ಮನೆಯಲ್ಲಿ ನುಡಿಸಿದ್ದೀನಿ. ಎಸ್ಟೋನಿಯಾದ ರೊಂಡೆಲ್ಲಸ್ ತಂಡದ ‘ಸಬಾಟಂ’ ಕೇಳಿ. ಸಾಹಿತ್ಯ ಲ್ಯಾಟಿನ್‌ಗೆ ತಿರುಗಿಸಿ, ಮಧ್ಯಯುಗದ ವಾದ್ಯಗಳಲ್ಲಿ ಸಬಾತ್ ಹಾಡಿದ್ದಾರೆ. ನಾನು ಸಿಡಿಗೆ ಕೊಟ್ಟಿದ್ದು 2,900, ಒಂದು ಪೈಸೆಯೂ ದುಬಾರಿ ಅನ್ನಿಸಿಲ್ಲ. ಡ್ರಮ್ಮು, ಡಿಸ್ಟಾರ್ಶನ್ನು ತೆಗೆದ ಮೇಲೂ ಹಾಡು ನಿಂತರೆ ಅದು ಹಾಡು.

ಅರಮನೆ_ಮೈದಾನ_2007
ಡ್ರಮ್ ತೆಗೆದ ಮೇಲೆ ಸಬಾತ್‌ನ ಡ್ರಮ್ಮರ್ ಬಿಲ್ ವಾರ್ಡ್‌ಗೆ ಎಲ್ಲಿ ಸ್ವಾಮಿ ಗೌರವ? ತಂಡ ಅಂದ್ರೆ ನಾಲ್ಕು ಜನ. 1994ರದ್ದರಲ್ಲಿ ‘ದಿ ವಿಝರ್ಡ್’ ಹಾಡಿಗೆ ವಾರ್ಡ್, ಸಬಾತ್‌ನ ಬಾಸ್ ಗಿಟಾರಿಸ್ಟ್ ಗೀಝರ್ ಬಟ್ಲರ್ ಇಬ್ಬರೂ ತಾವೇ ಕೂತು ನುಡಿಸಿದ್ದಾರೆ, ಹಾಡಿದ್ದು ರಾಬ್ ಹ್ಯಾಲ್ಫರ್ಡ್.

ಬಸವನಗುಡಿ_ಎಲ್‌ಪಿ
ಅದನ್ನೇ ನಾನೂ ಹೇಳೋದು. ಗೌರವ ಪಡೆಯಬೇಕಾದವರೇ ಬಂದು ನುಡಿಸಿದ್ರೆ ಅದು ಎಂಥ ಗೌರವಾರ್ಪಣೆ? ‘ಐರನ್ ಮ್ಯಾನ್’ಗೂ ಥೆರಪಿ ತಂಡದ ಜತೆ ಸಬಾತ್ ಗಾಯಕ ಆಝಿಯೇ ಹಾಡಿದ್ದು. ಸನ್ಮಾನಿತರೇ ಶಾಲು ತಂದು ಹೊದ್ದುಕೊಂಡ ಹಾಗಾಯ್ತು.

ಅರಮನೆ_ಮೈದಾನ_2007
ಹುಟ್ಟಿಸಿದವರೇ ಬಂದು ಆಶೀರ್ವಾದ ಮಾಡಿದ್ರೆ ನಿಮಗೇನು ಸಂಕಟ? 7,160 ಕೊಟ್ಟು ಹರಿದ ಜಾಕೆಟ್ ತಂದವರು ನಮಗೆ ಪಾಠ ಹೇಳೋದು ಬೇಡ.

ಬರ್ಮಿಂಗ್‌ಹ್ಯಾಮ್_ಕನ್ನಡಿಗ
ಜಗಳ ಸಾಕು ಮಾಡ್ರಪ್ಪ. ನಾನಿರೋದು ಸಬಾತ್‌ನವರ ಊರಲ್ಲೇ. ಬ್ರಾಡ್ ಸ್ಟ್ರೀಟ್ ಸೇತುವೆ ಮೇಲೆ ನಾಲ್ವರ ಮುಖ ಇರೋ ಬೆಂಚ್ ಪಕ್ಕ ದಿನಾ ಹಾದು ಹೋಗ್ತೀನಿ. ಎರಡನೇ ಭಾಗದ ಸಿಡಿ ಚಾರಿಟಿ ಅಂಗಡಿಯಲ್ಲಿ 2 ಪೌಂಡಿಗೆ ಸಿಕ್ತು. ಡಬ್ಬಿ ಸೀಳಿತ್ತು, ಇನ್ನೊಂದು ಡಬ್ಬಿಗೆ 1 ಪೌಂಡ್. ಎಲ್ಲರೂ ರ‍್ಯಾಪರ್ ಬುಸ್ಟಾ ರೈಮ್ಸ್ ‘ಐರನ್ ಮ್ಯಾನ್’ ಮುಟ್ಟಿದ್ದಕ್ಕೆ ಇದನ್ನ ಬೈತಾರೆ. ಆದ್ರೆ ಪಾಂಟೆರಾ ತಂಡದ ‘ಎಲೆಕ್ಟ್ರಿಕ್ ಫ್ಯೂನರಲ್’ನಲ್ಲಿ ಅವರ ಗಿಟಾರಿಸ್ಟ್ ಡೈಮ್‌ಬ್ಯಾಗ್ ನುಡಿಸಿದ ಗಿಟಾರ್ ಇದೆ. 2004ರಲ್ಲಿ ವೇದಿಕೆ ಮೇಲೇ ಅವನನ್ನ ಕೊಂದ್ರು. 2025ರ ಜುಲೈ 5ಕ್ಕೆ ವಿಲ್ಲಾ ಪಾರ್ಕ್‌ನಲ್ಲಿ, ಸಬಾತ್‌ನ ಕೊನೇ ಕಛೇರಿಯ ದಿನ, ಪಾಂಟೆರಾ ಅದೇ ಹಾಡು ನುಡಿಸಿತು, ಗಿಟಾರ್ ಝ್ಯಾಕ್ ವೈಲ್ಡ್ ಕೈಯಲ್ಲಿ. ಜುಲೈ 22ಕ್ಕೆ ಆಝಿನೂ ಹೋದ. ಆ ಸಿಡಿ ಮಾರ್ತೀಯಾ ಅಂತ ಕೇಳಿದವರಿದ್ದಾರೆ, ನಾನು ಕೊಡಲ್ಲ.

ಅರಮನೆ_ಮೈದಾನ_2007
ಎರಡನೇ ಭಾಗದಲ್ಲಿ ಮಷೀನ್ ಹೆಡ್‌ನ ‘ಹೋಲ್ ಇನ್ ದಿ ಸ್ಕೈ’ ಒಂದಕ್ಕೆ ತಲೆಬಾಗ್ತೀನಿ, 2008ರಲ್ಲಿ ಅವರನ್ನೂ ಮೇಗಡೆತ್‌ನೂ ಅರಮನೆ ಮೈದಾನದಲ್ಲೇ ನೋಡಿದ್ದೀನಿ. ಬುಸ್ಟಾ ರೈಮ್ಸ್‌ಗೆ ಮಾತ್ರ ಕ್ಷಮೆ ಇಲ್ಲ.

ವಿಜಯನಗರ_ಕೇಳುಗ
ಎಲ್ಲರಿಗೂ ಧನ್ಯವಾದ. ಹಾಗಾದ್ರೆ 4,000ದೊಳಗೆ...

ಹುಬ್ಬಳ್ಳಿ_ಸಿ_ಶಾರ್ಪ್
ಅದಿರ್ಲಿ, ಮೈಸೂರಿನವ್ರs, ಆ ವೀಣಿ ನುಡಿಸಿದ್ದು ರೆಕಾರ್ಡ್ ಐತೇನ್ರಿ? ಇದ್ರ ಕಳಸ್ರಿ, ಕಾನೂನಿನವ್ರು ಏನರ ಅನ್ಲಿ. ಮತ್ತ ಧಾರವಾಡ, ಗದಗ ಕಡೆ ಬಿಲ್ ವಾರ್ಡ್‌ಗತೆ ಸ್ವಿಂಗ್ ಇಟ್ಟು ಬಾರಿಸೋ ಡ್ರಮ್ಮರ್ ಇದ್ರ ತಿಳಸ್ರಿ. ಬರೇ ಡಬಲ್ ಪೆಡಲ್ ಜೋರು ತೋರಸವ್ರು ಬ್ಯಾಡ. ಊಟ, ಬಸ್ ಚಾರ್ಜು ನಮ್ದು.