ಹಳೆ ಬೈಕ್‌ಗಳ ತಮಾಷೆ ಸ್ಪರ್ಧೆ: ಜಗಳ ಆಗದ ಹಾಗೆ ನಿಯಮ ಹೇಗಿಡುವುದು?

ಪ್ರಶ್ನೆ: ಜನವರಿಯಲ್ಲಿ ಒಂದು ಭಾನುವಾರ ಉಡುಪಿಯಲ್ಲಿ ಹಳೆ ಬೈಕಿನವರೆಲ್ಲ ಸೇರುವ ಅಂತ ಉಂಟು. ಬುಲೆಟ್, ಯೆಜ್ಡಿ, ಆರ್‌ಎಕ್ಸ್ 100, ಒಂದೆರಡು ರಾಜ್‌ದೂತ್ ಬರ್ತವೆ. ಒಂದೇ ಕಿಕ್ಕಿಗೆ ಸ್ಟಾರ್ಟ್, ನಿಧಾನ ಓಟ, ಮತ್ತೆ ನಗಲಿಕ್ಕೆ ಇನ್ನೊಂದು ಸ್ಪರ್ಧೆ. ಬಹುಮಾನ ಒಂದೊಂದು ಬುಟ್ಟಿ ಮಟ್ಟುಗುಳ್ಳ (ಮಟ್ಟು ಊರಿನ ಬದನೆ). ಗೊತ್ತಿದ್ದವರು ಹೇಳಿ ಮಾರಾಯ್ರೆ.

ಉತ್ತರ 1: ಕಿಕ್ ಸ್ಪರ್ಧೆಯಲ್ಲಿ ತಕರಾರು ಬರುವುದು ಬಿಸಿ ಇಂಜಿನ್ನಿಂದ. ಕಾಪುವಿನಿಂದ ಓಡಿಸಿಕೊಂಡು ಬಂದ ಗಾಡಿ ಮುಟ್ಟಿದರೆ ಸ್ಟಾರ್ಟ್ ಆಗ್ತದೆ, ಪಕ್ಕದ ಮನೆಯಿಂದ ಬಂದದ್ದು ಆಗುವುದಿಲ್ಲ. ಏಳು ಗಂಟೆಗೆ ಎಲ್ಲ ಗಾಡಿ ನೆರಳಲ್ಲಿ ನಿಲ್ಲಿಸಿ, ಕೀ ತೆಗೆದಿಟ್ಟು, ಹತ್ತಕ್ಕೆ ಶುರು ಮಾಡಿ. ಸೆಂಟರ್ ಸ್ಟ್ಯಾಂಡ್ ಮೇಲೆ, ಮೂರು ಕಿಕ್, ಇಂಜಿನ್ 20 ಸೆಕೆಂಡ್ ನಿಲ್ಲಬೇಕು. ಮೊದಲ ಕಿಕ್ಕಿಗೆ 3 ಅಂಕ, ಎರಡನೆಯದಕ್ಕೆ 2, ಮೂರನೆಯದಕ್ಕೆ 1.

ಹಳೆ ಬುಲೆಟ್‌ನವರು ಬಲ ಹಾಕಿ ಸೋಲ್ತಾರೆ. ಕೀ ಆನ್ ಮಾಡಿ, ಕಿಕ್ಕರ್ ಮೆಲ್ಲ ಒತ್ತಿ ಕಂಪ್ರೆಶನ್ ಸಿಗುವವರೆಗೆ, ಅಂದರೆ ಕಾಲಿಗೆ ಗಟ್ಟಿಯಾಗುವವರೆಗೆ ತನ್ನಿ. ಆಮ್ಮೀಟರ್ (ಕರೆಂಟ್ ತೋರಿಸುವ ಮೀಟರ್) ಮುಳ್ಳು ನಡುವಿಗೆ ಬಂದಾಗ ಡಿಕಂಪ್ರೆಸರ್ (ಕಂಪ್ರೆಶನ್ ಬಿಡಿಸುವ ಪುಟ್ಟ ಲಿವರ್) ಹಿಡಿದು ಇನ್ನೊಂಚೂರು ಒತ್ತಿ, ಬಿಡಿ. ಕಿಕ್ಕರ್ ಪೂರಾ ಮೇಲೆ ಬಂದ ಮೇಲೆ ಆಕ್ಸಿಲರೇಟರ್ ಮುಟ್ಟದೆ ಒಂದೇ ಸಲ ಕೆಳಗಿನವರೆಗೆ. ಪ್ಲಗ್ಗಿನ ಕಿಡಿ ಹಾರುವ ಟೈಮಿಂಗ್ ಮುಂದಿದ್ದರೆ ಕಿಕ್ ತಿರುಗಿ ಹೊಡೀತದೆ, ಪಾದದ ಗಂಟಿಗೆ ಏಟು. ಚಪ್ಪಲಿಯವರಿಗೆ ಪ್ರವೇಶ ಬೇಡ.

ಉತ್ತರ 2: ಇವರು ಹೇಳಿದ್ದು ಸರಿ, ಆದರೆ ನಮ್ಮ ಕರಾವಳಿಯಲ್ಲಿ ಅದಕ್ಕಿಂತ ಮೊದಲಿನ ಕೆಲಸ ಉಂಟು. ಉಪ್ಪು ಗಾಳಿಗೆ ಪಾಯಿಂಟ್ (ಕಿಡಿಗೆ ಕರೆಂಟ್ ಕೊಟ್ಟು ಕಡಿಯುವ ಪುಟ್ಟ ಸ್ವಿಚ್) ಮೇಲೆ ಬೂದು ಪದರ ಕೂರ್ತದೆ, ಕರೆಂಟ್ ದಾಟುವುದಿಲ್ಲ. ಹಿಂದಿನ ದಿನ ನಯವಾದ ಎಮರಿ ಕಾಗದದಿಂದ ತಿಕ್ಕಿ, ಆಮೇಲೆ ಒಣ ಬಿಳಿ ಕಾಗದ ಎಳೆದು ಪುಡಿ ತೆಗೀರಿ. ಯೆಜ್ಡಿಗೂ ಬುಲೆಟ್‌ಗೂ ಗ್ಯಾಪ್ 0.4 ಮಿ.ಮೀ. ಸುಮಾರು ಇಟ್ಟರಾಯ್ತು. ಆರ್‌ಎಕ್ಸ್‌ಗೆ ಪಾಯಿಂಟೇ ಇಲ್ಲ, ಸಿಡಿಐ (ಎಲೆಕ್ಟ್ರಾನಿಕ್ ಕಿಡಿ ವ್ಯವಸ್ಥೆ). ಅದರ ಪ್ಲಗ್ ಗ್ಯಾಪ್ 0.7 ಮಿ.ಮೀ. ನೋಡಿ, ಸಾಕು.

ಮಳೆಗಾಲ ಪೂರ್ತಿ ನಿಂತ ಗಾಡಿಯಾದರೆ ಕಾರ್ಬ್ಯುರೇಟರ್ ಬೌಲ್ ಬಿಚ್ಚಿ ಖಾಲಿ ಮಾಡಲೇಬೇಕು. ಈಗಿನ ಪೆಟ್ರೋಲಿನ ಎಥನಾಲ್ ನೀರು ಎಳ್ಕೊಳ್ತದೆ, ಹೆಚ್ಚಾದರೆ ಆ ನೀರು ತಳದಲ್ಲಿ ಬೇರೆ ನಿಲ್ತದೆ. ಕಿಕ್ ಹೊಡೆದು ಕಾಲು ಸೋತರೂ ಇಂಜಿನ್ ಕೆಮ್ಮುವುದಿಲ್ಲ. ಪೆಟ್ರೋಲ್ ಜಾಸ್ತಿಯಾಗಿ ಪ್ಲಗ್ ಒದ್ದೆಯಾದರೆ ಟ್ಯಾಪ್ ಬಂದ್ ಮಾಡಿ, ಆಕ್ಸಿಲರೇಟರ್ ಪೂರಾ ತೆರೆದು ನಾಲ್ಕು ಕಿಕ್, ಆಮೇಲೆ ಪ್ಲಗ್ ಒಣಗಿಸಿ ಹಾಕಿ.

ಉತ್ತರ 3: ನಿಧಾನ ಓಟಕ್ಕೆ ಮಲ್ಪೆ ಬೀಚಿನ ಮರಳು ಬೇಡವೇ ಬೇಡ. ಗಟ್ಟಿ ಮೈದಾನದಲ್ಲಿ ಸುಣ್ಣದ ಗೆರೆ: ಅಗಲ 3 ಅಡಿ, ಉದ್ದ 60 ಅಡಿ. ಕಾಲು ಊರಿದರೆ, ಗೆರೆ ಮುಟ್ಟಿದರೆ, ಇಂಜಿನ್ ನಿಂತರೆ ಔಟ್. ಕೊನೆಗೆ ತಲುಪಿದವರೇ ಗೆದ್ದವರು.

ಬುಲೆಟ್ ಮತ್ತು ಟೂ ಸ್ಟ್ರೋಕ್ (ಯೆಜ್ಡಿ, ಆರ್‌ಎಕ್ಸ್, ರಾಜ್‌ದೂತ್) ಒಟ್ಟಿಗೆ ಬಿಟ್ಟರೆ ಅನ್ಯಾಯ. ಬುಲೆಟ್‌ನ ಭಾರದ ಫ್ಲೈವೀಲ್ (ಇಂಜಿನ್ ಜೊತೆ ತಿರುಗುವ ಚಕ್ರ) ಕಡಿಮೆ ಸ್ಪೀಡಲ್ಲೂ ಎಳೀತದೆ. ಟೂ ಸ್ಟ್ರೋಕ್ ಐಡಲಿನಲ್ಲಿ ಉರಿದೂ ಉರಿಯದ ಹಾಗೆ ಜರ್ಕ್ ಕೊಡ್ತದೆ, ಪ್ಲಗ್‌ಗೆ ಕರಿ ಹಿಡೀತದೆ. ಎರಡು ಗುಂಪು ಮಾಡಿ. ಯೆಜ್ಡಿಗೆ ಲೀಟರ್ ಪೆಟ್ರೋಲಿಗೆ 40 ಮಿ.ಲೀ. ಟೂಟಿ ಆಯಿಲ್ (ಟೂ ಸ್ಟ್ರೋಕ್ ಎಣ್ಣೆ) ಸಾಕು, ‘ಇನ್ನೊಂದು ಮುಚ್ಚಳ ಇರಲಿ’ ಅಂದವರಿಗೇ ಪ್ಲಗ್ ಹೋಗುವುದು. ಹಳೆ ಜಾವಾ–ಯೆಜ್ಡಿಗಳಲ್ಲಿ ಗೇರ್ ಲಿವರ್ ಒತ್ತಿದರೂ ಕ್ಲಚ್ ಬಿಡ್ತದೆ, ಅದು ಮೋಸ ಅಲ್ಲ ಅಂತ ರೆಫ್ರಿಗೆ ಮೊದಲೇ ಹೇಳಿಡಿ. ಓಡಿಸುವವರು ಹಿಂದಿನ ಬ್ರೇಕ್ ಮಾತ್ರ ಮೆಲ್ಲ ಒತ್ತಿಡಿ. ಮುಂದಿನದ್ದು ಹಿಡಿದರೆ ಹ್ಯಾಂಡಲ್ ತಿರುಗಿ ಬೀಳುವುದೇ. ಒಬ್ಬರಿಗೆ ಎರಡೇ ಸುತ್ತು, ಇಲ್ಲದಿದ್ದರೆ ಕ್ಲಚ್ ಪ್ಲೇಟ್ ಸುಡ್ತದೆ.

ಉತ್ತರ 4: ನಗಲಿಕ್ಕೆ ಎಣ್ಣೆ ಸೋರುವ ಸ್ಪರ್ಧೆ ಇಡಿ! ಎಲ್ಲ ಗಾಡಿ ಅಡಿಗೆ ಹಳೇ ಪೇಪರ್ ಹಾಸಿ, ಇಂಜಿನ್ ಐದು ನಿಮಿಷ ಓಡಿಸಿ ಆಫ್ ಮಾಡಿ. ಹದಿನೈದು ನಿಮಿಷದಲ್ಲಿ ಬಿದ್ದ ಹನಿ ಲೆಕ್ಕ. ಬುಲೆಟ್‌ನವರಿಗೆ ಸಮಾಧಾನ ಬಹುಮಾನ ಗ್ಯಾರಂಟಿ. ಆದರೆ ತುಂಬ ದಿನ ನಿಂತ ಬುಲೆಟ್‌ನಲ್ಲಿ ಆಯಿಲ್ ಇಂಜಿನ್ ತಳದ ಕ್ರ್ಯಾಂಕ್ ಕೇಸಿಗೆ ಇಳಿದು ಬ್ರೀದರ್ ಅನ್ನುವ ಗಾಳಿ ಕೊಳವೆಯಿಂದ ಕಕ್ತದೆ, ಅದನ್ನು ಸೋರಿಕೆ ಅಂತ ಎಣಿಸಬಾರದು. ಕ್ಲಚ್ ಕವರಿನ ನಡುವಿನ ನಟ್ ಬಿಗಿಯಾಗಿ ತಿರುಗಿಸಿದರೆ ಸೋರಿಕೆ ನಿಲ್ತದೆ ಅಂತ ಕೆಲವರು ಹೊರಡ್ತಾರೆ. ಕವರ್ ಬಾಗಿ ಇನ್ನೂ ಹೆಚ್ಚು ಸೋರ್ತದೆ. ರಬ್ಬರ್ ಸೀಲ್ ಬದಲಿಸಿ.

ಸ್ವಂತ ಗಾಡಿ ತಾರದ ಮೆಕ್ಯಾನಿಕ್ ಒಬ್ಬರನ್ನು ರೆಫ್ರಿ ಮಾಡಿ. ಹತ್ತಿರ ಎರಡು ಬಕೆಟ್ ಒಣ ಮರಳು ಇರಲಿ, ಪೆಟ್ರೋಲ್ ಬೆಂಕಿಗೆ ನೀರು ಹೊಯ್ದರೆ ಹರಡ್ತದೆ. ಸಮ ಆದರೆ ಇನ್ನೊಂದು ಕಿಕ್ ಬೇಡ, ಗುಳ್ಳ ತೂಗಿ ಪಾಲು ಮಾಡಿ.